ಎಕಂಬಾದ ಅಂಗಳದಲ್ಲಿ ನಿಂತ ಬಾಡಿಗೆ ಕಾರು

ಸೋಮವಾರ ಬೆಳಗ್ಗೆ ಒಂಬತ್ತೂವರೆಗೆ ಅಬ್ದುಲ ವಾಹೀದ ಬೀದರಿನ ಠಾಣೆಯ ಮೆಟ್ಟಿಲು ಹತ್ತಿದಾಗ ಅವನ ಮುಖ ಸುಟ್ಟ ಬದನೆಕಾಯಿಯಂತಾಗಿತ್ತು. ವಿಮಾನ ನಿಲ್ದಾಣದ ಹೊರಗೆ ಒಂದು ಮೇಜು, ಒಂದು ಛತ್ರಿ, ಒಂದು ಬಿಳಿ ಕಾರು, ಇಷ್ಟೇ ಅವನ ವ್ಯಾಪಾರ. ಬೆಂಗಳೂರಿನಿಂದ ಬಂದಿಳಿದವರಿಗೆ ಕಾರನ್ನು ಬಾಡಿಗೆಗೆ ಕೊಡುತ್ತಿದ್ದ. ಈಗ ಮೇಜು, ಛತ್ರಿ ಮಾತ್ರ ಉಳಿದಿದ್ದವು.

“ಗಾಡಿ ಗಾಯಬ್ ಆಗ್ಯಾದ್ರಿ ಮೇಡಂ. ಶುಕ್ರವಾರ ಒಯ್ದಾಂವ ಶನಿವಾರ ತರ್ತೇನಿ ಅಂದಿದ್ದ. ಫೋನೂ ಬಂದ್ ಅದ. ಇರೋದೇ ಒಂದ್ ಗಾಡಿ, ಸಿಗಲಿಲ್ಲಂದ್ರ ನಾ ಬೀದಿಗೆ ಬಂದಂಗ.”

“ಜಿಪಿಎಸ್?” ಪಿಎಸ್ಐ ಮಹಾಮಾಯಾ ಕೇಳಿದಳು.

“ಹಾಕ್ಸಿಲ್ರಿ. ಪ್ಲೇನಿನಾಗ ಬರೋರು ಕಾರ್ ಕದೀತಾರಂತ ಯಾರಿಗೆ ಗೊತ್ತಿತ್ರಿ?”

ಹೆಡ್ ಕಾನ್‌ಸ್ಟೆಬಲ್ ಮಡೆಪ್ಪ ಗೋಡೆಯ ಕಡೆ ತಿರುಗಿ ನಕ್ಕ. ಬೋರ್ಡಿಂಗ್ ಪಾಸ್ ಮತ್ತು ಲೈಸೆನ್ಸ್ ಎರಡೂ ಇದ್ದವರಿಗೆ ಮಾತ್ರ ಕಾರು, ಇದು ವಾಹೀದನ ಕಾಯಿದೆ. ಎರಡರ ಫೋಟೋವೂ ಅವನ ಮೊಬೈಲಿನಲ್ಲಿತ್ತು. ಅಮಿತಕುಮಾರ, ಭಾಲ್ಕಿ. ಎಫ್ಐಆರ್ ದಾಖಲಾಯಿತು.

ಭಾಲ್ಕಿಯ ಅಮಿತಕುಮಾರನನ್ನು ಕಂಡೊಡನೆ ವಾಹೀದ ತಲೆ ಅಲ್ಲಾಡಿಸಿಬಿಟ್ಟ. ಕಾರು ಒಯ್ದವನಿಗೂ ಲೈಸೆನ್ಸಿನ ಹಳೇ ಫೋಟೋದಲ್ಲೂ ಗಡ್ಡವಿತ್ತು, ಈಗ ಗಡ್ಡ ಬೋಳಿಸಿದ್ದ ಈ ಮನುಷ್ಯನ ಗಲ್ಲ ನುಣ್ಣಗಿತ್ತು.

“ಲೈಸೆನ್ಸ್ ಎಲ್ಲದ?”

“ಪಾಕೀಟೇ ಕಳೀತ್ರಿ ಮೇಡಂ. ಲೈಸೆನ್ಸ್, ಬೋರ್ಡಿಂಗ್ ಪಾಸ್ ಎಲ್ಲಾ ಅದ್ರಾಗೇ ಇದ್ದವು. ಶುಕ್ರವಾರ ಪ್ಲೇನ್ ಇಳದು ಬರೋಮುಂದ ಬೀದರ ದಾಟಿದ ಮ್ಯಾಲ ಒಂದು ಢಾಬಾದಾಗ ಚಹಾ ಕುಡಿದಿದ್ದೆ. ಅಲ್ಲೇ ಬಿದ್ದಿರ್ಬೇಕು.”

ಮಹಾಮಾಯಾಳ ಫೋನು ಗುಂಯ್ ಅಂದಿತು. ‘ಅವ್ವ’ ಎಂದು ಕಂಡಿತು. ಕೆಲಸದ ಹೊತ್ತಿಗೇ ಈಕೆಗೆ ನೆನಪಾಗುತ್ತೇನೆ ಎಂದುಕೊಂಡು ಕರೆ ಕಟ್ ಮಾಡಿದಳು.

ಢಾಬಾದವನು ಹೆಚ್ಚು ಸತಾಯಿಸಲಿಲ್ಲ. ತಟ್ಟೆ ಎತ್ತುವ ಸಂಜುಕುಮಾರ ಶುಕ್ರವಾರದಿಂದ ಪತ್ತೆ ಇರಲಿಲ್ಲ. ಅವನದು ಡಾಬಕಾ, ಕುರಿ ಸಾಕುವವರ ಮನೆ. ಢಾಬಾದವನು ತನ್ನ ಮೊಬೈಲಿನಲ್ಲಿದ್ದ ಸಂಜುಕುಮಾರನ ಫೋಟೋ ತೋರಿಸುತ್ತಲೇ ವಾಹೀದ ಕುಣಿದಾಡಿದ. “ಇಂವನೇ ನೋಡ್ರಿ! ಅದೇ ಗಡ್ಡ!”

ಔರಾದ ದಾಟಿ ಡಾಬಕಾ ಮುಟ್ಟುವಾಗ ಮಧ್ಯಾಹ್ನವಾಗಿತ್ತು. ಬಿಳಿ ಕಾರು ನೋಡಿದಿರಾ ಎಂದರೆ ಇಡೀ ಊರಿಗೆ ಊರೇ ಮೂಕಾಯಿತು. ಮಡೆಪ್ಪ ಹಳೇ ಹುಲಿ. ದಣಿದವನ ಹಾಗೆ ಕಿರಾಣಿ ಅಂಗಡಿಯ ಮುಂದೆ ಕುಳಿತು, ಒಂದು ತೆಂಗಿನಕಾಯಿ ಕೊಡು ಎಂದ.

“ಒಂದೂ ಉಳದಿಲ್ರಿ. ಎಲ್ಲಾ ಉಡಿ ತುಂಬ್ಲಾಕ ಒಯ್ದಾರ,” ಎಂದ ಅಂಗಡಿಯವನು ನಾಲಿಗೆ ಕಚ್ಚಿಕೊಂಡ.

“ಯಾರ ಉಡಿ?” ಮಹಾಮಾಯಾ ಮುಂದೆ ಬಂದಳು.

“ನಮ್ಮ ಶಾಲುಬಾಯಿ ಆಯಿದ್ರಿ. ಸೂಲಗಿತ್ತಿ. ಆಕಿ ಕಣ್ಣು ಹೋಗ್ಲಾಕತ್ಯಾವ್ರಿ. ಇನ್ನೊಂದೆರಡು ತಿಂಗಳಾದ್ರ ಪೂರಾ ಕತ್ತಲ ಅಂತ ಡಾಕ್ಟರ್ ಹೇಳ್ಯಾರ. ‘ನನ್ನ ಕೈಯಾಗ ಹುಟ್ಟಿದ ಮಕ್ಕಳ ಮಾರಿ ಒಮ್ಮೆ ನೋಡಬೇಕಾಗ್ಯಾದ’ ಅಂತ ಅತ್ತಳ್ರಿ. ಮೊಣಕಾಲು ಸತ್ತಾವ, ಬಸ್ಸು ಹತ್ತೂದು ಆಗೂದಿಲ್ಲ. ಸಂಜ್ಯಾ ಕಾರಿನಾಗ ಕುಂದರಿಸಿಕೊಂಡು ಮನಿಮನಿಗೆ ಒಯ್ಲಾಕತ್ಯಾನ. ಒಂದೇ ದಿನದ ಕೆಲಸ ಅಂದಿದ್ದ. ಯಾವ ಮನಿಯೋರೂ ಉಣ್ಣಲಾರ್ದ ಬಿಡವಲ್ರು. ಈಗ ಎಕಂಬಾಕ ಹೋಗ್ಯಾರ್ರಿ.”

ಎಕಂಬಾ ಎಂದೊಡನೆ ಮಹಾಮಾಯಾ ಜೇಬಿಗೆ ಕೈ ಹಾಕಿದಳು. ಅದು ಅವಳ ಸ್ವಂತ ಊರು. ಫೋನು ತೆಗೆದು ನೋಡಿದರೆ ಅವ್ವನ ನಾಲ್ಕು ಕರೆ ಬಂದಿದ್ದವು.

ಬಿಳಿ ಕಾರು ಅವಳ ತವರಿನ ಅಂಗಳದಲ್ಲೇ ನಿಂತಿತ್ತು! ವಾಹೀದ ಜೀಪಿನಿಂದ ಜಿಗಿದು ಬಾನೆಟ್ಟಿಗೆ ಕೆನ್ನೆ ಹಚ್ಚಿದ. ಅವ್ವ ಅಂಜನಾಬಾಯಿ ಉಡಿಯ ತಟ್ಟೆ ಹಿಡಿದು ಹೊರಗೆ ಬಂದಳು.

“ಎಷ್ಟ್ ಸಲ ಫೋನ್ ಮಾಡ್ಬೇಕವಾ? ಆಯಿ ನಿನ್ನೇ ಕೇಳ್ಲಾಕತ್ಯಾಳ.”

ಕಟ್ಟೆಯ ಮೇಲೆ ಕುಳಿತ ಮುದುಕಿ ಕೈ ಚಾಚಿದಳು. ಮಹಾಮಾಯಾ ಟೋಪಿ ತೆಗೆದು ಮಂಡಿಯೂರಿದಳು. ಶಾಲುಬಾಯಿ ಅವಳ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ಕಣ್ಣಿನ ತೀರ ಹತ್ತಿರ ತಂದುಕೊಂಡಳು.

“ಉಲ್ಟಾ ಹುಟ್ಟಿದಾಕಿ ನೀನೇ ಏನ? ತಲಿ ಒಳಗ, ಕಾಲು ಹೊರಗ. ರಾತ್ರಿ ಪೂರಾ ನನ್ನ ಜೀವಾ ತಿಂದಿದ್ದಿ ನೋಡು. ಇವತ್ತೂ ಮೊದಲು ಬೂಟಿನ ಸಪ್ಪಳನೇ ಬಂತು.”

ಮಹಾಮಾಯಾಳಿಗೆ ನಗು, ಅಳು ಎರಡೂ ಒಟ್ಟಿಗೇ ಬಂದವು. ‘ನೀ ಬದುಕಿದ್ದು ಸೂಲಗಿತ್ತಿಯ ಪುಣ್ಯ’ ಎಂದು ಅವ್ವ ಹೇಳುತ್ತಿದ್ದಳು. ಆ ಕೈ ಈಗ ತನ್ನ ಗಲ್ಲದ ಮೇಲಿತ್ತು.

ಸಂಜುಕುಮಾರ ತಾನಾಗಿಯೇ ಎದುರಿಗೆ ಬಂದು ನಿಂತ. “ತಪ್ಪಾಗ್ಯಾದ್ರಿ ಮೇಡಂ. ನಾ ಹುಟ್ಟಿದಾಗ ಉಸಿರೇ ಇರ್ಲಿಲ್ಲಂತ. ಆಯಿ ಬಾಯಿಗೆ ಬಾಯಿ ಹಚ್ಚಿ ಊದ್ಯಾಳ. ನನ್ನ ಹತ್ರ ಲೈಸೆನ್ಸ್ ಇಲ್ಲ, ನನಗ್ಯಾರು ಕಾರ್ ಕೊಡ್ತಾರ್ರಿ? ಪಾಕೀಟು ಸಿಕ್ತು, ಬುದ್ಧಿ ಕೆಟ್ಟು ಕಾರ್ ತರ್ಲಾಕ ಹೋಗಿಬಿಟ್ಟೆ.”

“ಇನ್ನೂ ಎಷ್ಟು ಮನಿ ಉಳದಾವ?”

“ಔರಾದದಾಗ ಎರಡು ಅದಾವ್ರಿ.”

ಪಂಚರ ಸಮಕ್ಷಮ ಪಂಚನಾಮೆ ನಡೆಯಿತು. ಕಾರಿನಲ್ಲಿ ಸಿಕ್ಕಿದ್ದು ಕಾಯಿ, ಕುಬಸದ ಕಣ, ಅರಿಶಿನದ ಪೊಟ್ಟಣ, ಸೀಟಿನ ಸಂದಿಯ ತುಂಬ ಅಕ್ಕಿ. ನಾಲ್ಕು ಗಂಟೆಗೆ ಬಂಧನವಾಯಿತು. ಆಯಿ ಅಂಗಲಾಚಿದಳು, ಮಹಾಮಾಯಾ ಒಪ್ಪಲಿಲ್ಲ. ಕಾಯಿದೆ ಕಾಯಿದೆಯೇ. ಆದರೆ ಅಂದೇ ಮೇಲಧಿಕಾರಿಗೆ ಪತ್ರ ಬರೆದಳು: ಆರೋಪಿ ಸಿಕ್ಕಿದ್ದು ನನ್ನ ತವರಿನಲ್ಲಿ, ಅವನು ಕರೆದೊಯ್ದ ಮಹಿಳೆಗೆ ನಾನು ಜನ್ಮದ ಋಣಿ, ಮುಂದಿನ ತನಿಖೆಯನ್ನು ಬೇರೆಯವರಿಗೆ ವಹಿಸಬೇಕು.

ಸಂಜುಕುಮಾರನಿಗೆ ಜಾಮೀನು ಸಿಕ್ಕಿತು. ನ್ಯಾಯಾಲಯದ ಆದೇಶದಂತೆ ಕಾರು ವಾಹೀದನ ಛತ್ರಿಯ ಪಕ್ಕಕ್ಕೆ ಮರಳಿತು. ಮುಂದಿನ ರಜೆಯ ದಿನ ಮಹಾಮಾಯಾ ಸೀರೆ ಉಟ್ಟು ಬಂದು ಆ ಮೇಜಿನ ಮೇಲೆ ತನ್ನ ಲೈಸೆನ್ಸ್ ಇಟ್ಟಳು.

“ಬೋರ್ಡಿಂಗ್ ಪಾಸ್ ಎಲ್ಲದ್ರಿ ಮೇಡಂ?”

“ಇಲ್ಲ. ಔರಾದದಾಗ ಎರಡು ಮನಿ ಉಳದಾವ.”

ವಾಹೀದ ಅವಳ ಮುಖ ನೋಡಿದ. ಕೀಲಿ ತೆಗೆದುಕೊಟ್ಟು, ತನಗೆ ಕೂರಲು ಮನೆಯಿಂದ ತಂದಿದ್ದ ಮೆತ್ತನೆಯ ದಿಂಬನ್ನು ಮುಂದಿನ ಸೀಟಿಗೆ ಹಾಕಿದ.

“ಆಯಿ ಇಲ್ಲಿ ಕುಂದರ್ಲಿ. ಸಂದ್ಯಾಗಿನ ಅಕ್ಕಿ ಹಂಗೇ ಬಿಟ್ಟೇನ್ರಿ ಮೇಡಂ, ಝಾಡಿಸಿಲ್ಲ. ಬರಕತ್ ಇರ್ತದ.”