ಹಳಿಯ ಹತ್ತಿರ ತೆಗೆದ ವಿಡಿಯೋ

"ಎಂಥ ಹೆಂಗಸು ಇವಳು! ಮಕ್ಕಳ ಮೇಲೆ ಹೀಗಾ ಕಿರುಚೋದು?"

ಅಮ್ಮ ಒಲೆ ಆರಿಸಿ, ಮೊಬೈಲನ್ನು ಕಣ್ಣಿನ ಹತ್ತಿರ ಹಿಡಿದು ನಿಂತಿದ್ದಳು. ಪೇರೆಂಟ್ಸ್ ಗ್ರೂಪಿನಲ್ಲಿ ಟಿಣ್ ಟಿಣ್ ಎಂದು ಮೆಸೇಜುಗಳು ಬೀಳುತ್ತಲೇ ಇದ್ದವು. ಚಪಾತಿಯ ತುತ್ತು ಬಾಯಿಗಿಟ್ಟಿದ್ದ ಮಂಜರಿ ಅಗಿಯುವುದನ್ನು ನಿಲ್ಲಿಸಿದಳು.

ವಿಡಿಯೋದಲ್ಲಿದ್ದವರು ಅವಳ ಸ್ಕೂಲ್ ಬಸ್ಸಿನ ಡ್ರೈವರ್, ಮಿಸ್ ಲೊರೇನ್. ಮುಖ ಕೆಂಪಾಗಿತ್ತು. ಸೀಟಿಗೆ ಪಟಾರನೆ ಹೊಡೆದು ಅರಚುತ್ತಿದ್ದರು: "ಶಟಪ್! ಆಲ್ ಆಫ್ ಯೂ, ಶಟಪ್!" ಅಲ್ಲಿಗೆ ವಿಡಿಯೋ ಮುಗಿಯಿತು.

"ನೀನೂ ಅದೇ ಬಸ್ಸಲ್ಲಿ ಇದ್ಯಲ್ಲ ಪುಟ್ಟಿ? ನಂಗ್ಯಾಕೆ ಹೇಳ್ಲಿಲ್ಲ?"

"ಐ ಫರ್ಗಾಟ್, ಅಮ್ಮ."

ಮರೆತಿರಲಿಲ್ಲ. ಆ ವಿಡಿಯೋ ತೆಗೆದವಳೇ ಮಂಜರಿ. ನಗುವುದಕ್ಕೆಂದು ಅದೇ ಬಸ್ಸಿನಲ್ಲಿ ಬರುವ ಗೆಳತಿ ಇಶಾಗೆ ಮಾತ್ರ ಕಳಿಸಿದ್ದಳು. ಇಶಾ ಅದನ್ನು ಕ್ಲಾಸ್ ಗ್ರೂಪಿಗೆ ಹಾಕಿದಳು. ಅಲ್ಲಿಂದ ಅದು ಯಾರ್ಯಾರ ಮನೆಗೋ ಹೋಗಿಬಿಟ್ಟಿತು.

ಅವರಿದ್ದ ಊರು ಡೆಸ್ ಪ್ಲೇನ್ಸ್‌ನಲ್ಲಿ ಸ್ಕೂಲ್ ಬಸ್ಸು ರೈಲು ಹಳಿ ದಾಟಬೇಕು. ಅಲ್ಲಿನ ನಿಯಮದಂತೆ ಡ್ರೈವರ್ ಪ್ರತಿ ಸಲವೂ ಹಳಿಯ ಮುಂದೆ ನಿಲ್ಲಿಸಿ, ಬಾಗಿಲು ತೆರೆದು, ರೈಲಿನ ಸದ್ದು ಬರುತ್ತಿದೆಯೇ ಎಂದು ಕಿವಿಗೊಟ್ಟು ಕೇಳಬೇಕು. ಆಗ ಮಕ್ಕಳೆಲ್ಲ ಸುಮ್ಮನಿರಬೇಕು. ಆದರೆ ಇವತ್ತು ಹಿಂದಿನ ಸೀಟಿನವರು ಕಾಲು ಬಡಿದು ಹಾಡುತ್ತಿದ್ದರು. ಮಿಸ್ ಲೊರೇನ್ "ಪ್ಲೀಸ್, ಕಿಡ್ಸ್" ಅಂದರು. ಮತ್ತೊಮ್ಮೆ ಅಂದರು. ಯಾರೂ ಕೇಳಲಿಲ್ಲ. ಆಮೇಲೆ ಎದ್ದು ನಿಂತು ಅರಚಿದರು. ಮಂಜರಿ ಫೋನ್ ಎತ್ತಿದ್ದು ಆಗ.

ಇದನ್ನೆಲ್ಲ ಹೇಳಿಬಿಡೋಣ ಅನ್ನಿಸಿತು. ಅಷ್ಟರಲ್ಲಿ ಅಮ್ಮ ಟಪಟಪ ಟೈಪ್ ಮಾಡಿ ಮುಗಿಸಿದ್ದಳು.

"ಇಂಥವರನ್ನ ಮೊದ್ಲು ಬಸ್ಸಿಂದ ಇಳಿಸ್ಬೇಕು ಅಂತ ಬರ್ದಿದೀನಿ. ಆಗ್ಲೇ ಎಷ್ಟು ಜನ ಲೈಕ್ ಮಾಡಿದಾರೆ ನೋಡು!"

ಮಂಜರಿ ನೀರು ಕುಡಿದು ತುತ್ತು ನುಂಗಿದಳು. ಮಾತನ್ನೂ ನುಂಗಿದಳು.

ಮರುದಿನ ಬಸ್ಸಿನಲ್ಲಿ ಹೊಸ ಡ್ರೈವರ್ ಇದ್ದರು. ಮಿಸ್ ಲೊರೇನ್‌ರನ್ನು ತೆಗೆದಿದ್ದಾರಂತೆ ಎಂದು ಯಾರೋ ಹೇಳಿದರು. ಹಿಂದಿನ ಸೀಟಿನವರು ಚಪ್ಪಾಳೆ ಹೊಡೆದರು.

ಸಂಜೆ ಮನೆಗೆ ಬರುವಾಗ ಬಸ್ಸು ಹಳಿಯ ಮುಂದೆ ನಿಂತಿತು. ಬಾಗಿಲು ತೆರೆಯಿತು. ಒಳಗೆ ಸಂತೆಯಂಥ ಗದ್ದಲ. ಮುಂದಿನ ಸೀಟಿನಲ್ಲಿದ್ದ ಮಂಜರಿಗೆ ಡ್ರೈವರ್ ಮುಖ ಕನ್ನಡಿಯಲ್ಲಿ ಕಾಣುತ್ತಿತ್ತು. ಏನೋ ಹೇಳಲು ಬಾಯಿ ತೆರೆದರು. ಹಿಂದೆ ಎರಡು ಮೂರು ಫೋನುಗಳು ಅವರತ್ತ ತಿರುಗಿದ್ದವು. ಬಾಯಿ ಮುಚ್ಚಿಕೊಂಡರು. ಕತ್ತು ಚಾಚಿ ಆಚೆ ಈಚೆ ನೋಡಿದರು. ಬಾಗಿಲು ಹಾಕಿದರು.

ಬಸ್ಸು ಮೆಲ್ಲಗೆ ಮುಂದಕ್ಕೆ ಸರಿಯಿತು.

ಗದ್ದಲದ ನಡುವೆ ಮಂಜರಿಗೆ ಏನೋ ಕೇಳಿಸಿದ ಹಾಗಾಯಿತು. ನಿಜವೋ ಭ್ರಮೆಯೋ ತಿಳಿಯಲಿಲ್ಲ. ಎದ್ದು ನಿಂತು, ಹಿಂದಕ್ಕೆ ತಿರುಗಿ, ಇದ್ದಬದ್ದ ದನಿಯೆಲ್ಲ ಸೇರಿಸಿ ಕೂಗಿದಳು.

"ಶಟಪ್! ಎವ್ರಿಬಡಿ, ಜಸ್ಟ್ ಶಟಪ್!"

ಡ್ರೈವರ್ ಗಕ್ಕನೆ ಬ್ರೇಕ್ ಒತ್ತಿದರು. ಬಸ್ಸೆಲ್ಲ ಗಪ್‌ಚಿಪ್. ಆಗ ಎಲ್ಲರಿಗೂ ಕೇಳಿಸಿತು: ರೈಲಿನ ಹಾರ್ನ್. ಕೆಂಪು ದೀಪ ಮಿನುಗಿ, ಗೇಟು ಇಳಿಯತೊಡಗಿತು. ಬಸ್ಸಿನ ಮುಂದೆಯೇ ಉದ್ದನೆಯ ಗೂಡ್ಸ್ ರೈಲು ಧಡಧಡನೆ ಹಾದುಹೋಯಿತು. ಡ್ರೈವರ್ ಸ್ಟಿಯರಿಂಗ್ ಮೇಲೆ ಹಣೆಯಿಟ್ಟು ಕೂತರು.

ಮಂಜರಿ ಮನೆ ಸೇರುವ ಮೊದಲೇ ವಿಡಿಯೋ ಸೇರಿತ್ತು. ಅಮ್ಮ ಬಾಗಿಲಲ್ಲೇ ನಿಂತಿದ್ದಳು.

"ಏನೇ ಇದು? ಇಶಾ ಹಾಕಿದಾಳಂತೆ. ಯಾರ ಮಗಳು, ಮನೇಲಿ ಇದನ್ನೇ ಕಲಿಸೋದಾ ಅಂತ ಕೇಳ್ತಿದಾರೆ!"

ಮಂಜರಿ ನೋಡಿದಳು. ಕೆಂಪು ಮುಖ, ಕೆದರಿದ ಕೂದಲು, ಇಷ್ಟಗಲ ತೆರೆದ ಬಾಯಿ. ಹಾರ್ನ್ ಕೇಳಿಸುವ ಮೊದಲೇ ವಿಡಿಯೋ ಮುಗಿದಿತ್ತು. ಆ ಹುಡುಗಿಯನ್ನು ಕಂಡರೆ ಯಾರಿಗಾದರೂ ಸಿಟ್ಟು ಬರುತ್ತಿತ್ತು. ಅವಳಿಗೇ ಬಂತು.

"ಅಮ್ಮ, ಅಲ್ಲಿ ಟ್ರೇನ್ ಬರ್ತಿತ್ತು," ಎನ್ನುವಷ್ಟರಲ್ಲಿ ಅಳು ಬಂತು. ಅಳುತ್ತಲೇ ಎಲ್ಲ ಹೇಳಿದಳು. ಮೊದಲ ವಿಡಿಯೋ ತೆಗೆದದ್ದು ತಾನೇ ಎಂಬುದನ್ನೂ ಹೇಳಿದಳು.

ಅಮ್ಮ ಮೆಟ್ಟಿಲ ಮೇಲೆ ಕೂತಳು. ಮಗಳನ್ನು ಹತ್ತಿರಕ್ಕೆ ಎಳೆದುಕೊಂಡಳು.

"ನಾನೂ ಬರ್ದೆನಲ್ಲೇ," ಎಂದಳು. "ನಿನ್ನ ಒಂದು ಮಾತು ಕೇಳ್ಲಿಲ್ಲ." ಫೋನ್ ಎತ್ತಿ ಏನೋ ಟೈಪ್ ಮಾಡಿದಳು. ಅಳಿಸಿದಳು. "ಈಗ ಏನಂತ ಬರೀಲಿ?"

"ಆಮೇಲೆ ಬರಿ. ಫಸ್ಟ್ ಸ್ಕೂಲಿಗೆ ಹೋಗೋಣ. ಐ ವಾಂಟ್ ಟು ಟೆಲ್ ದೆಮ್."

"ಇಶಾ ಹೆಸರೂ ಹೇಳ್ಬೇಕಾಗುತ್ತೆ. ಅವಳು ಬೇಜಾರು ಮಾಡ್ಕೋಬಹುದು."

"ಐ ನೋ."

ಅಮ್ಮ ಕಾರಿನ ಕೀ ತೆಗೆದುಕೊಂಡಳು. ದಾರಿಯುದ್ದಕ್ಕೂ ಅವಳ ಬ್ಯಾಗಿನೊಳಗೆ ಫೋನು ಟಿಣ್ ಎನ್ನುತ್ತಲೇ ಇತ್ತು. ಒಂದೊಂದು ಸಲವೂ ಮಂಜರಿ ಬ್ಯಾಗಿನತ್ತ ನೋಡುತ್ತಿದ್ದಳು.

ನಿನ್ನೆ ಮಿಸ್ ಲೊರೇನ್ ಕೂಡ ಎಲ್ಲೋ ಕೂತು ತಮ್ಮದೇ ಮುಖವನ್ನು ಹೀಗೆ ನೋಡಿರಬೇಕು. ನಿಜವಾಗಿ ಏನಾಯಿತು ಎಂದು ಕೇಳುವುದಕ್ಕೆ ಅವರ ಪಕ್ಕದಲ್ಲಿ ಯಾರಾದರೂ ಇದ್ದರೋ ಇಲ್ಲವೋ.