ಯಾರಾದರೂ ಸರಿ ಅಂದವಳು

ಗುಂಡ್ಲುಪೇಟೆಯಿಂದ ಬರುವ ಬೆಳಗಿನ ಬಸ್ಸಿನಲ್ಲಿ ಶಿವಮಲ್ಲು ನನಗೆ ಸೀಟು ಹಿಡಿದಿರುತ್ತಾರೆ. ನಾನು ತೆರಕಣಾಂಬಿಯಲ್ಲಿ ಹತ್ತಿ, ಏನೂ ಗೊತ್ತಿಲ್ಲದವಳ ಹಾಗೆ ನಿಲ್ಲುತ್ತೇನೆ. ಅವರು ಬ್ಯಾಗು ತೆಗೆಯುತ್ತಾರೆ. ಮೂರು ತಿಂಗಳಿಂದ ಇದೇ ನಾಟಕ. ನಾನು ಚಾಮರಾಜನಗರದ ಕಾಲೇಜೊಂದರಲ್ಲಿ ಜಾವಾ ಪ್ರೋಗ್ರಾಮಿಂಗ್ ಹೇಳಿಕೊಡುವ ಚೈತ್ರ. ಅವರು ಅಲ್ಲೇ ಒಂದು ಕಚೇರಿಯಲ್ಲಿ ಕಂಪ್ಯೂಟರ್ ಆಪರೇಟರ್, ಎಂಸಿಎ ಪರೀಕ್ಷೆಗೆ ಓದುತ್ತಿದ್ದಾರೆ.

ಅವತ್ತು ಲ್ಯಾಪ್‌ಟಾಪನ್ನು ನನ್ನ ಮಡಿಲಿಗೇ ಇಟ್ಟರು.

"ದೊಡ್ಡದನ್ನ ಹುಡುಕೋ ಮೆಥಡ್ ಬರ್ದಿವ್ನಿ ಮೇಡಂ. ಅಂಕಿ, ತಾರೀಕು, ಹೆಸ್ರು, ಏನ್ ಕೊಟ್ರೂ ನಡೀಲಿ ಅಂತ ಟೈಪ್ ಜಾಗದಲ್ಲಿ ಬರೀ ಟಿ ಹಾಕ್ದೆ. ಹೋಲಿಸೋ ಸಾಲಲ್ಲೇ ಎರರ್."

"ಏನ್ ಬೇಕಾದ್ರೂ ಬರ್ಲಿ ಅಂದ್ಬುಟ್ಟಿದೀರಲ್ಲ! ಬಂದದ್ದನ್ನ ಹೋಲಿಸೋಕೆ ಆಯ್ತದೋ ಇಲ್ವೋ, ಕೋಡ್ ಓದಿ ತಪ್ಪು ಹಿಡಿಯೋ ಕಂಪೈಲರ್‌ಗೆ ಎಂಗ್ ಗೊತ್ತಾಯ್ತದೆ?" ಟಿ ಪಕ್ಕದಲ್ಲಿ 'ಎಕ್ಸ್‌ಟೆಂಡ್ಸ್ ಕಂಪೇರಬಲ್' ಎಂದು ಸೇರಿಸಿದೆ. "ಇದು ಬೌಂಡ್. ಯಾರಾದ್ರೂ ಬನ್ನಿ, ಆದ್ರೆ ಹೋಲಿಸೋಕೆ ಆಗೋ ಈ ಒಂದು ಗುಣ ಇರೋರೇ ಬನ್ನಿ ಅಂತ. ಇನ್ನು ಯಾವ್ದು ದೊಡ್ಡದು ಅಂತ ಧೈರ್ಯವಾಗಿ ಕೇಳ್ಬೋದು."

ಎರರ್ ತೋರಿಸುತ್ತಿದ್ದ ಕೆಂಪು ಗೆರೆ ಮಾಯವಾಯಿತು. ಅವರು ಮಾತ್ರ ಪರದೆ ಬಿಟ್ಟು ನನ್ನನ್ನೇ ನೋಡುತ್ತಿದ್ದರು. ಕಿಟಕಿಯಾಚೆ ಚೆಂಡುಹೂವಿನ ಹೊಲಗಳು ಹಿಂದೆ ಸರಿಯುತ್ತಿದ್ದವು. ಈ ಬಸ್ಸು ಇವತ್ತು ಊರು ಮುಟ್ಟದಿದ್ದರೂ ಪರವಾಗಿಲ್ಲ ಅನ್ನಿಸಿತು.

"ಭಾನುವಾರ ನನ್ನ ನೋಡಕ್ಕೆ ಗಂಡಿನ ಕಡೆಯೋರು ಬತ್ತಾವ್ರೆ," ಎಂದೆ. ಯಾಕೆ ಹೇಳಿದೆನೋ.

ಅವರ ಮುಖದ ನಗು ಇಳಿಯಿತು. "ಎಂಥೋರು?"

"ಮದ್ವೆ ಆದ್ಮೇಲೆ ಪಾಠ ಮಾಡೋದು ಬುಡ್ಬೇಕಂತೆ. ತಪ್ಪು ನಂದೇ. ಅವ್ವ ಎಂಥ ಹುಡುಗ ಬೇಕು ಅಂದಾಗ ಯಾರಾದ್ರೂ ಸರಿ ಅಂದ್ಬುಟ್ಟೆ."

"ನಂಗೆ ಬೈದ್ರಲ್ಲ ಮೇಡಂ! ನೀವೂ ಬೌಂಡೇ ಹಾಕಿಲ್ವಲ್ಲ. ಇನ್ನು ಬಂದೋರತ್ರ ಏನಂತ ಕೇಳ್ತೀರಿ?"

ಮೈಯೆಲ್ಲ ಉರಿಯಿತು. ನನ್ನ ಪಾಠ ನನಗೇ! ಆದರೆ ಅದರಲ್ಲಿ ಸುಳ್ಳೇನಿರಲಿಲ್ಲ.

"ನಿಮ್ಮನೇಲಾದ್ರೆ?" ನನ್ನ ದನಿ ನನಗೇ ಕೇಳಿಸಲಿಲ್ಲ.

"ನೀವು ಪಾಠ ಮಾಡಿ. ಬೆಳಗ್ಗೆ ಡಬ್ಬಿ ನಾನೇ ಕಟ್ಕೊಡ್ತೀನಿ," ಎಂದರು. ಕಿವಿಯವರೆಗೂ ಕೆಂಪಾಗಿದ್ದರು.

ಫೋನ್ ತೆಗೆದೆ. ಅವ್ವನಿಗೆ ಕರೆ ಮಾಡಿದೆ.

"ಅವ್ವ, ಭಾನುವಾರ ಬರೋರಿಗೆ ಬ್ಯಾಡ ಅಂದ್ಬುಡು. ನನ್ ಕೆಲ್ಸ ಬುಡಿಸ್ದೆ ಇರೋರು ಬೇಕು ನಂಗೆ."

"ಅಂಥೋರು ಎಲ್ಲವ್ರೆ ಕಣಮ್ಮಿ?"

ನಾನು ಶಿವಮಲ್ಲು ಕಡೆ ತಿರುಗಿದೆ.

"ಪಕ್ಕದಲ್ಲೇ ಕುಂತವ್ರೆ ಕಣವ್ವ. ಸಂಜೆ ಕರ್ಕೊಂಡ್ ಬತ್ತೀನಿ, ನೀನೇ ಮಾತಾಡು."