ನಟರಾಜುವಿನ ಹಣೆ

ಇದು ನಡೆದದ್ದು ಹೋದ ವರ್ಷ, ಕೂಟಗಲ್ಲಿನ ನಮ್ಮ ಮನೆಯಲ್ಲಿ, ಹಾಡುಹಗಲು. ನಾನು ಪುಸ್ತಕಗಳಿಗೆ ಚಿತ್ರ ಬರೆಯುವವಳು. ತಿಪ್ಪಸಂದ್ರದ ವೆಂಕಟಲಕ್ಷ್ಮಮ್ಮ ಬಂದು, ಮೂರು ವರ್ಷದ ಹಿಂದೆ ಕಾಣೆಯಾದ ಮಗ ನಟರಾಜುವಿನ ಫೋಟೊ ಕೊಟ್ಟು, ಅವನು ಈಗ ಹೇಗಿರಬಹುದೋ ಹಾಗೆ ಬರೆದುಕೊಡಲು ಕೇಳಿದರು.

“ಹುಡುಕಕ್ಕೆ ಬೇಕು ಕಣವ್ವ. ಒಸಿ ದಪ್ಪುಕ್ಕೇ ಬರಿ, ಹೋಟ್ಲೂಟ ತಿಂದು ಊದ್ಕಂಡಿರ್ತಾನೆ,” ಎಂದು ನಕ್ಕು ಪಕ್ಕದಲ್ಲೇ ಕೂತರು.

ಪೆನ್ಸಿಲ್ಲಿನಲ್ಲಿ ಕರಡು ಎಳೆದೆ. ಹಣೆಯ ನಡುವೆ ನಾನು ಹಾಕದ ದುಂಡನೆಯ ಕಲೆಯೊಂದಿತ್ತು. ರಬ್ಬರಿನಿಂದ ಉಜ್ಜಿದೆ; ಆ ಜಾಗದಲ್ಲಿ ಮಾತ್ರ ಕಾಗದ ತಣ್ಣಗಿತ್ತು. ಹೊಸ ಹಾಳೆಯ ಕರಡಿನಲ್ಲೂ ಅದು ಅಲ್ಲೇ ಬಂತು. ಮೂರನೆಯ ಹಾಳೆಯಲ್ಲಿ ಕಪ್ಪು ಇಂಕಿನಿಂದ ಚಿತ್ರ ಮುಗಿಸಿದಾಗ, ಅದೇ ಜಾಗದಲ್ಲಿ ಕೆಂಪಗೆ ಕುಂಕುಮದ ಬೊಟ್ಟು ಮೂಡಿತು, ತೀರಿಕೊಂಡವರ ಫೋಟೊಗೆ ಇಡುವ ಹಾಗೆ.

“ಇದ್ಯಾಕವ್ವ ಇಟ್ಟೆ?”

“ನಾನಿಟ್ಟಿಲ್ಲಮ್ಮ.”

ಅವರು ಸೆರಗಿನಿಂದ ಒರೆಸಿದರು. ಬೊಟ್ಟು ಮತ್ತೆ ಮೂಡಿತು. ಮತ್ತೆ ಒರೆಸಿದರು, ಮತ್ತೆ ಮೂಡಿತು. ಸೆರಗಿನ ತುದಿ ಕೆಂಪಾಯಿತು. ಕೊನೆಗೆ ಚಿತ್ರದ ಕೆನ್ನೆ ಸವರಿ, “ಸಾಕು ಬುಡು ಮಗ, ಎಷ್ಟ್ ಸಲ ಹೇಳ್ತೀಯ? ಗೊತ್ತಾಯ್ತು,” ಎಂದು ಇನ್ನೊಮ್ಮೆ ಒರೆಸಿದರು.

ಆಮೇಲೆ ಬೊಟ್ಟು ಮೂಡಲಿಲ್ಲ. ನಟರಾಜು ಏನಾದ ಎಂಬುದು ಇವತ್ತಿಗೂ ಯಾರಿಗೂ ಗೊತ್ತಿಲ್ಲ. ವೆಂಕಟಲಕ್ಷ್ಮಮ್ಮ ಹುಡುಕುವುದನ್ನು ಮಾತ್ರ ಬಿಟ್ಟಿದ್ದಾರೆ.